ಕೊಠಡಿಯ ರೇಡಿಯೇಟರ್ ಏಕೆ ಬಿಸಿಯಾಗುವುದಿಲ್ಲ?

ರೇಡಿಯೇಟರ್ ಎಂದೊಡನೆ ನಮಗೆ ನೆನಪಾಗುವುದು ಲಾರಿ, ಬಸ್ಸುಗಳ ಎಂಜಿನ್ನನ್ನು ತಣಿಸುವ ಸಾಧನ. ಬ್ರಿಟನ್ನಿನಂತಹ ಶೀತ ದೇಶಗಳಲ್ಲಿ ಅದೇ ಹೆಸರಿನ ಸಾಧನ ಮನೆಯನ್ನು ಬೆಚ್ಚಗಿಡುತ್ತದೆ. ಅಲ್ಲಿನ ಬಹುಪಾಲು ಮನೆಗಳಲ್ಲಿ ಅನಿಲದ ಬಾಯ್ಲರ್ ನೀರನ್ನು ಕಾಯಿಸುತ್ತದೆ. ಪಂಪು ಆ ನೀರನ್ನು ಪ್ರತಿ ಕೊಠಡಿಯ ಗೋಡೆಗೆ ಜೋಡಿಸಿದ ಟೊಳ್ಳು ಉಕ್ಕಿನ ಫಲಕಗಳಿಗೆ ತಲುಪಿಸುತ್ತದೆ. ತಣಿದ ನೀರು ಬಾಯ್ಲರಿಗೆ ಮರಳುತ್ತದೆ.

ಕೊರೆಯುವ ಚಳಿಯಲ್ಲಿ ಫಲಕ ಬಿಸಿಯಾಗದಿದ್ದರೆ ವೃದ್ಧರಿಗೂ ಶಿಶುಗಳಿಗೂ ಅಪಾಯ. ವ್ಯಾಸಂಗಕ್ಕೆಂದು ಅಲ್ಲಿಗೆ ತೆರಳುವ ನಮ್ಮ ವಿದ್ಯಾರ್ಥಿಗಳೂ ಈ ತೊಂದರೆಯನ್ನು ಎದುರಿಸಬಹುದು. ದೋಷವನ್ನು ಗುರುತಿಸಲು ದುಬಾರಿ ಉಪಕರಣ ಬೇಕಿಲ್ಲ. ಫಲಕದ ಯಾವ ಭಾಗ ತಣ್ಣಗಿದೆ ಎಂಬುದೇ ಕಾರಣವನ್ನು ಸೂಚಿಸುತ್ತದೆ. ಬಿಸಿ ಭಾಗ 60–70 ಡಿಗ್ರಿ ಸೆಲ್ಸಿಯಸ್ ಇರಬಹುದು. ಆದ್ದರಿಂದ ಎಚ್ಚರಿಕೆಯಿಂದ ಮುಟ್ಟಿ ನೋಡಿ.

ಮೇಲ್ಭಾಗ ಮಾತ್ರ ತಣ್ಣಗಿದ್ದರೆ: ಅಲ್ಲಿ ಅನಿಲ ಸೇರಿಕೊಂಡಿದೆ, ನೀರು ಅಲ್ಲಿಗೆ ಏರುತ್ತಿಲ್ಲ. ಬಾಯ್ಲರನ್ನು ನಿಲ್ಲಿಸಿ, ನೀರು ತಣಿದ ಮೇಲೆ, ಫಲಕದ ಮೇಲ್ತುದಿಯ ಪುಟ್ಟ ತಿರುಪನ್ನು ಅದರ ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿ. ಬುಸ್ಸೆಂಬ ಸದ್ದು ನಿಂತು ನೀರು ಜಿನುಗಿದೊಡನೆ ಬಿಗಿಮಾಡಿ. ಬಳಿಕ ಒತ್ತಡಮಾಪಕವನ್ನು ಗಮನಿಸಿ. ಮುಚ್ಚಿದ ವ್ಯವಸ್ಥೆಯಲ್ಲಿ ತಣ್ಣಗಿರುವಾಗ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಕಡಿಮೆಯಿದ್ದರೆ ನೀರು ತುಂಬಿಸಬೇಕು.

ಪದೇ ಪದೇ ಅನಿಲ ಸೇರುತ್ತಿದ್ದರೆ ಅದು ಕೇವಲ ಗಾಳಿಯಾಗಿರಲಾರದು. ಆಮ್ಲಜನಕ ವಿರಳವಾಗಿರುವ ನೀರಿನಲ್ಲಿ ಕಬ್ಬಿಣ ನಿಧಾನವಾಗಿ ಸವೆದು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ಜೊತೆಗೆ ಹೈಡ್ರೊಜನ್ ಬಿಡುಗಡೆಯಾಗುತ್ತದೆ. ಇದು ಉರಿಯುವ ಅನಿಲವಾದ್ದರಿಂದ ತಿರುಪನ್ನು ಸಡಿಲಿಸುವಾಗ ಬೆಂಕಿ ಹತ್ತಿರವಿರಕೂಡದು. ಇದಕ್ಕೆ ಪರಿಹಾರ, ನೀರಿಗೆ ತುಕ್ಕುನಿರೋಧಕ ರಾಸಾಯನಿಕವನ್ನು ಬೆರೆಸುವುದು.

ಕೆಳಭಾಗ ತಣ್ಣಗಿದ್ದರೆ: ಅದೇ ಮ್ಯಾಗ್ನೆಟೈಟ್ ಕೆಸರಾಗಿ ತಳದಲ್ಲಿ ಕುಳಿತು ನೀರನ್ನು ತಡೆದಿದೆ. ಫಲಕವನ್ನು ಕಳಚಿ ತೊಳೆಯಬೇಕು. ಈ ಕೆಸರನ್ನು ಅಯಸ್ಕಾಂತ ಆಕರ್ಷಿಸುವುದರಿಂದ ಮರಳುವ ಕೊಳವೆಗೆ ಅಯಸ್ಕಾಂತೀಯ ಶೋಧಕವನ್ನು ಜೋಡಿಸುವುದುಂಟು.

ಒಂದು ಫಲಕ ಪೂರ್ತಿ ತಣ್ಣಗಿದ್ದರೆ: ಉಷ್ಣತೆಯನ್ನು ನಿಯಂತ್ರಿಸುವ ಕವಾಟವನ್ನು ನೋಡಿ. ಕೊಠಡಿ ಬೆಚ್ಚಗಾದಾಗ ಅದರೊಳಗಿನ ಮೇಣ ಅಥವಾ ದ್ರವ ಹಿಗ್ಗಿ ಒಂದು ಸಣ್ಣ ಕಡ್ಡಿಯನ್ನು ಒತ್ತಿ ನೀರನ್ನು ನಿಲ್ಲಿಸುತ್ತದೆ. ಬೇಸಿಗೆಯಿಡೀ ಮುಚ್ಚಿದ್ದರೆ ಕಡ್ಡಿ ಅಲ್ಲೇ ಸಿಕ್ಕಿಕೊಳ್ಳಬಹುದು. ಮೇಲಿನ ಗುಬುಟನ್ನು ತೆಗೆದು ಕಡ್ಡಿಯನ್ನು ಮೃದುವಾಗಿ ಒತ್ತಿ ಬಿಟ್ಟರೆ ಅದು ಪುಟಿದು ಮೇಲೇಳಬೇಕು. ಅದನ್ನು ಎಳೆಯಬಾರದು.

ಬಾಯ್ಲರಿಗೆ ದೂರದ ಫಲಕಗಳಷ್ಟೇ ತಣ್ಣಗಿದ್ದರೆ: ಸಮಾಂತರ ಮಂಡಲದಲ್ಲಿ ಕಡಿಮೆ ರೋಧದ ಕವಲಿನಲ್ಲಿ ಹೆಚ್ಚು ವಿದ್ಯುತ್ ಹರಿಯುವಂತೆ, ನೀರೂ ಹತ್ತಿರದ ಫಲಕಗಳಲ್ಲೇ ಹೆಚ್ಚು ಹರಿಯುತ್ತದೆ. ಆ ಫಲಕಗಳ ಇನ್ನೊಂದು ತುದಿಯ ಕವಾಟವನ್ನು ತುಸು ಬಿಗಿಗೊಳಿಸಬೇಕು. ಹಾಗಾದರೆ ಅವು ತಣ್ಣಗಾಗುವುದಿಲ್ಲವೇ? ಲೆಕ್ಕ ಹಾಕಿ ನೋಡಿ. ನೀರು 11 ಡಿಗ್ರಿ ತಣಿದು 1 ಕಿಲೋವಾಟ್ ಉಷ್ಣ ನೀಡಲು ನಿಮಿಷಕ್ಕೆ ಸುಮಾರು 1.3 ಲೀಟರ್ ಹರಿದರೆ ಸಾಕು. ಹರಿವನ್ನು ಇಮ್ಮಡಿಸಿದರೆ ತಣಿಯುವಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ; ಫಲಕದ ಸರಾಸರಿ ಉಷ್ಣತೆ ಏರುವುದು ಎರಡು–ಮೂರು ಡಿಗ್ರಿ ಮಾತ್ರ. ಹತ್ತಿರದ ಫಲಕಕ್ಕೆ ಲಾಭ ಅತ್ಯಲ್ಪ, ದೂರದ್ದಕ್ಕೆ ನಷ್ಟ ಅಪಾರ.

ಎಲ್ಲ ಫಲಕಗಳೂ ತಣ್ಣಗಿದ್ದರೆ ದೋಷ ಬಾಯ್ಲರ್ ಅಥವಾ ಪಂಪಿನಲ್ಲಿರಬಹುದು. ಬಾಯ್ಲರನ್ನು ನೀವೇ ಬಿಚ್ಚಲು ಹೋಗಬೇಡಿ. ಕೆಟ್ಟ ದಹನದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಂತಿಕ. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ‘ಗ್ಯಾಸ್ ಸೇಫ್’ ನೋಂದಣಿಯುಳ್ಳ ತಂತ್ರಜ್ಞರನ್ನೇ ಕರೆಯಬೇಕು.

ನಮ್ಮ ತಾರಸಿಯ ಸೌರ ಜಲತಾಪಕದ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೂ ನೀರು ಬಾರದು. ಅಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹರಿವು ಎಲ್ಲಿ ತಡೆದಿದೆ?