ಸರ್ ಕಾಲರ್‌ಗೆ ನನ್ನ ಮೈಕ್

ಇದು ಕೇಳೋ ಎಪಿಸೋಡ್. ಆದ್ರೆ ಯಾರ ಬಗ್ಗೆ ಮಾತಾಡ್ತಿದ್ದೀನೋ ಅವರಲ್ಲಿ ಎಷ್ಟೋ ಮಂದಿಗೆ ಇದು ಕೇಳಿಸೋದೇ ಇಲ್ಲ. ಅದಕ್ಕೆ ಈ ಸಲ ಟ್ರಾನ್ಸ್‌ಕ್ರಿಪ್ಟ್ ಮೊದಲು, ರೆಕಾರ್ಡಿಂಗ್ ಆಮೇಲೆ.

ನಮ್ಮ ಚಿಗವ್ವನ ಮಗಳು ಇಳಕಲ್‌ನಲ್ಲಿ ಪಿಯುಸಿ ಕಾಮರ್ಸ್ ಓದ್ತಾಳೆ. ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. "ಮಷೀನ್ ಹಾಕ್ಯಾಳಲ್ಲ, ಮತ್ಯಾಕ ಕೇಳಸಂಗಿಲ್ಲ?" ಅಂತ ಎಲ್ಲರೂ ಕೇಳ್ತಾರೆ. ನಾನೂ ಕೇಳಿದ್ದೆ. ಆಮೇಲೆ ಅವಳ ಅಕೌಂಟೆನ್ಸಿ ನೋಟ್ಸ್ ನೋಡಿದೆ. ಡೆಬಿಟ್ ಇರಬೇಕಾದಲ್ಲಿ ಕ್ರೆಡಿಟ್, ಕ್ರೆಡಿಟ್ ಇರಬೇಕಾದಲ್ಲಿ ಡೆಬಿಟ್. ದಡ್ಡಿ ಅಲ್ಲ ಅವಳು. ಎರಡು ಪದಕ್ಕೂ ಬಾಲ ಒಂದೇ, ತಲೆ ಕೇಳಿಸಿಲ್ಲ ಅಷ್ಟೇ.

ಹಿಯರಿಂಗ್ ಏಡ್ ಕನ್ನಡಕದಂಗಲ್ಲ. ಸರ್ ಧ್ವನಿ ಜೊತೆಗೆ ಫ್ಯಾನು, ಬೆಂಚು, ಪಕ್ಕದ ಕ್ಲಾಸಿನ ಗದ್ದಲಾನೂ ದೊಡ್ಡದು ಮಾಡ್ತದೆ. ಡಿಜಿಟಲ್ ಮಷೀನುಗಳು ಗದ್ದಲ ಸ್ವಲ್ಪ ತಗ್ಗಿಸ್ತಾವೆ, ಆದ್ರೆ ದೂರದ ಸಮಸ್ಯೆ ಹಾಗೇ ಉಳೀತದೆ. ಬಯಲಿನಲ್ಲಿ ದೂರ ಎರಡರಷ್ಟಾದ್ರೆ ಧ್ವನಿ 6 ಡೆಸಿಬಲ್ ಇಳೀತದೆ: ಒಂದು ಮೀಟರಿನಲ್ಲಿ 65 ಇದ್ದದ್ದು ನಾಲ್ಕು ಮೀಟರಿಗೆ 53. ಕ್ಲಾಸಿನೊಳಗೆ ಇಷ್ಟು ಇಳಿಯದಿದ್ದರೂ ಗೋಡೆಯ ಪ್ರತಿಧ್ವನಿ ಮಾತನ್ನ ಕಲಸಿಬಿಡ್ತದೆ. ಫ್ಯಾನ್ ಮಾತ್ರ ತಲೆ ಮೇಲೇ! ಸರ್ ಬೋರ್ಡ್ ಕಡೆ ತಿರುಗಿದ್ರೆ ತುಟಿಯೂ ಕಾಣಲ್ಲ.

ಹಂಗಾದ್ರೆ ದಾರಿ? ಮೈಕ್ ಬಾಯಿ ಹತ್ತಿರ ಇರಬೇಕು. ಮಷೀನಿಗೇ ನೇರ ಧ್ವನಿ ಕಳಿಸೋ ವೈರ್‌ಲೆಸ್ ಮೈಕ್‌ಗಳು ಸಿಗ್ತಾವೆ, ಆದ್ರೆ ಅವು ತುಟ್ಟಿ. ಪಾಡ್‌ಕಾಸ್ಟ್ ಮಾಡೋ ನನ್ನ ಹತ್ತಿರ ಕಾಲರ್ ಮೈಕ್ ಇತ್ತು. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂದ ಉಚಿತ ಆ್ಯಪ್. ಕನ್ನಡಾನೂ ಬರೀತದೆ, ಹೊರಗಿನ ಮೈಕನ್ನೂ ತಗೋತದೆ. ಮೈಕ್ ಸರ್ ಕಾಲರ್‌ಗೆ, ರಿಸೀವರ್ ಅವಳ ಫೋನಿಗೆ. ಮಾತು ಅಕ್ಷರವಾಗಿ ಡೆಸ್ಕ್ ಮೇಲೆ ಬರ್ತದೆ.

ಮೊದಲು ಬಾದಾಮಿ ಬಸ್‌ಸ್ಟ್ಯಾಂಡಲ್ಲಿ ಟೆಸ್ಟ್ ಮಾಡಿದೆ. ಪುಸ್ತಕದ ಕನ್ನಡ ಚಲೋ ಬರೀತು. ನಮ್ಮ "ಹೊಂಟೀನಿ, ಬಂದಾನ" ಬಂದಾಗ ತಡವರಿಸ್ತು. ನೆಟ್ ಹೋದ್ರೆ ಸಾಲುಗಳೂ ನಿಂತವು.

ದೊಡ್ಡ ಅಡ್ಡಿ ಬೇರೆ: ಕಾಲೇಜಿನಲ್ಲಿ ಫೋನ್ ತರಂಗಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಪ್ರಕಾರ ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಅರ್ಜಿಯಲ್ಲಿ ಇದನ್ನೇ ಬರೆದ್ವಿ. ನೀವೂ ಬರೀರಿ, ಯುಡಿಐಡಿ ಕಾರ್ಡಿನ ನಕಲು ಜೊತೆಗಿಡ್ರಿ.

ಸದ್ಯಕ್ಕೆ ಅಕೌಂಟೆನ್ಸಿ ಸರ್ ಒಬ್ಬರೇ ಮೈಕ್ ಹಾಕೊಳ್ತಾರೆ. "ಅಣ್ಣಾ, ಇನ್ನೊಂದ್ ವಾರ ಇರ್ಲಿ" ಅಂತ ಅವಳ ಮೆಸೇಜು. ಈ ಎಪಿಸೋಡ್ ಫೋನಿನ ಮೈಕಲ್ಲೇ ರೆಕಾರ್ಡ್ ಆಗಿದೆ, ಆಡಿಯೋ ಹಂಗ್ಹಿಂಗಿದ್ರೆ ಕಾರಣ ಅದೇ.