ಮರಿ ಬಿಡುವ ಮುನ್ನ ಕೊರವ ಹಿಡಿಯಿರಿ

ವಿಜಯಪುರ ಜಿಲ್ಲೆಯ ಗೊಳಸಂಗಿ ಭಾಗದ ರೈತರು ತಮ್ಮ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವ ಮುನ್ನ ಕೊರವ ಮೀನಿನ ಬಗ್ಗೆ ಎಚ್ಚರ ವಹಿಸಬೇಕು. ಹಾವಿನ ತಲೆಯಂತಹ ತಲೆಯುಳ್ಳ ಈ ಮೀನು ಸಣ್ಣ ಮರಿಗಳನ್ನು ನುಂಗುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದಾದ್ದರಿಂದ ನೀರು ತೀರ ಇಳಿದರೂ ಬದುಕಿರುತ್ತದೆ. ಕೆಸರಿನಲ್ಲಿ ಅಡಗಿ ಬಲೆಯಿಂದ ತಪ್ಪಿಸಿಕೊಳ್ಳುತ್ತದೆ.

ಇಂಥಲ್ಲಿ ಗಾಳ ಅನುಕೂಲ. ಒಬ್ಬರೇ ದಿನವಿಡೀ ಕುಳಿತು ಹಿಡಿಯಬಹುದು. ಬೆಳಿಗ್ಗೆ ಮತ್ತು ಸಂಜೆ, ದಡದ ಜೊಂಡಿನ ಪಕ್ಕದಲ್ಲಿ, ಎರೆಹುಳು ಅಥವಾ ಸಣ್ಣ ಮೀನು ಸಿಕ್ಕಿಸಿದ ಗಾಳ ಹಾಕಿರಿ. ಉಸಿರಿಗಾಗಿ ಮೇಲೆ ಬಂದಾಗ ಏಳುವ ಅಲೆಯೇ ಕೊರವನ ಗುರುತು.

ಗಾಳಕ್ಕೆ ಎಲ್ಲವೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಒಣಗಿಸುವುದೇ ಖಚಿತ ಉಪಾಯ. ಅದು ಸಾಧ್ಯವಾಗದಿದ್ದರೆ 10 ಸೆಂ.ಮೀ.ಗಿಂತ ಉದ್ದದ ಮರಿಗಳನ್ನೇ ಬಿಡಿರಿ. ಹಿಡಿದ ಕೊರವ ವ್ಯರ್ಥವಲ್ಲ. ಜೀವಂತವಾಗಿ ಸಂತೆಗೆ ಒಯ್ದರೆ ಒಳ್ಳೆಯ ಬೆಲೆ ಸಿಗುತ್ತದೆ.