ಮತ್ತೋಡಿನ ಬಳೆ, ಮನೆಯ ಕುಲುಮೆ

ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ ಕಡೆಯ ರೈತರಿಗೆ ಸವಳು ಎಂದರೆ ಸಂಕಟ. ಉಪ್ಪು ಮೇಲೆದ್ದು ಬೆಳ್ಳಗಾದ ಹೊಲದಲ್ಲಿ ಪೈರು ಏಳುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ನೆಲದ ಮೇಲೆ ಹೀಗೆ ಹೂತು ನಿಲ್ಲುವ ಸೋಡಾವೇ ಹಲವರಿಗೆ ಅನ್ನ ಕೊಡುತ್ತಿತ್ತು. ಅದನ್ನು ಬಳಸಿ ಅಲ್ಲಿ ಗಾಜು ಕರಗಿಸುತ್ತಿದ್ದರು, ಬಳೆ ಮಾಡುತ್ತಿದ್ದರು.

ಟಿಪ್ಪುವಿನ ಪತನದ ನಂತರ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಸುಬನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕೋಟೆಗೋಡೆಯ ಒಳಮಗ್ಗುಲಿಗೆ ಕಟ್ಟಿದ ಎತ್ತರದ ಜಗಲಿ. ಅದರಲ್ಲಿ ಗುಮ್ಮಟದಾಕಾರದ ಕುಲುಮೆಗಳು. ಒಳಗೆ ಗಾಜು ತುಂಬಿದ ಮೂಸೆಗಳು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣ. ಆಮೇಲೆ ಯುರೋಪಿನ ಬೊಹೇಮಿಯಾದಿಂದ ಹಡಗುಗಳಲ್ಲಿ ಅಗ್ಗದ ಬಳೆ ಬಂತು. ಇಂದು ಬಳೆಗಾರರ ಮಲಾರದಲ್ಲಿರುವ ಗಾಜಿನ ಬಳೆ ಬಹುಮಟ್ಟಿಗೆ ಉತ್ತರಪ್ರದೇಶದ ಫಿರೋಜಾಬಾದಿನದು.

ಸೋಡಾ ಮಾಡುವ ಕೆಲಸ ಸಣ್ಣದಲ್ಲ. ಬರಿಯ ಮರಳು ಕರಗಲು 1,700 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಸೌದೆ ಕುಲುಮೆಗೆ ಅದು ಎಟುಕದ ಮಾತು. ಸೋಡಾ ಬೆರೆತರೆ ಆ ಮಟ್ಟ ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಒಮ್ಮೆ ಗಾಜಾದ ಮೇಲಂತೂ ಅದನ್ನು ಮೆತ್ತಗಾಗಿಸಿ ಅಚ್ಚಿಗೆ ಇಳಿಸಲು ಸುಮಾರು 850 ಡಿಗ್ರಿ ಸಾಕು. ಹೀಗಾಗಿಯೇ ಇಂದು ಮನೆಯಲ್ಲಿಡಬಹುದಾದ ಪುಟ್ಟ ವಿದ್ಯುತ್ ಕುಲುಮೆಯಲ್ಲಿ ಪದಕ, ಮಣಿ, ಓಲೆಯ ಹರಳುಗಳನ್ನು ಎರಕ ಹೊಯ್ಯಲು ಸಾಧ್ಯವಾಗಿದೆ.

ಮೊದಲು ಜೇನುಮೇಣದಲ್ಲಿ ಪದಕದ ಮಾದರಿ. ಅದರ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿಯನ್ನು ಸಮತೂಕ ಬೆರೆಸಿ, ನೀರಲ್ಲಿ ಕಲಸಿ ಸುರಿದರೆ ಅಚ್ಚು. ಗಟ್ಟಿಯಾದ ಮೇಲೆ ಆವಿ ಹಾಯಿಸಿ ಮೇಣವನ್ನು ಕರಗಿಸಿ ತೆಗೆಯಬೇಕು. ಗಾಜೆಷ್ಟು ಬೇಕು? ಇಲ್ಲಿ ಶಾಲೆಯ ಪಾಠವೇ ನೆರವಿಗೆ ಬರುತ್ತದೆ. ಅಚ್ಚು ಹೊಯ್ಯುವ ಮೊದಲೇ ಮಾದರಿಯನ್ನು ಅಳತೆಯ ಜಾಡಿಯ ನೀರಲ್ಲಿ ಮುಳುಗಿಸಿ ನೋಡಬೇಕು. ಮೇಣ ತೇಲುವುದರಿಂದ ಸೂಜಿಯಿಂದ ಒತ್ತಿ ಹಿಡಿಯಬೇಕಾದೀತು! ನೀರು 6 ಮಿಲಿಲೀಟರ್ ಏರಿದರೆ, ಗಾಜಿನ ಸಾಂದ್ರತೆ ಸುಮಾರು 2.5 ಆದ್ದರಿಂದ, 15 ಗ್ರಾಂ ಗಾಜು.

ಶಾಖ ಏರಿಸುವುದು ಕಷ್ಟವಲ್ಲ, ಇಳಿಸುವುದೇ ಕಷ್ಟ. ಹೊಸಬರು ಸೋಲುವುದು ಇಲ್ಲಿಯೇ. ಗಾಜು ಬೇಗ ಆರಿದರೆ ಹೊರಮೈ ಮೊದಲು ಬಿಗಿದುಕೊಳ್ಳುತ್ತದೆ. ಒಳಗಿನ ಭಾಗ ಆಮೇಲೆ ಕುಗ್ಗಲು ಹೋಗಿ ಎಳೆತ ಉಳಿಯುತ್ತದೆ. ತೆಗೆದಾಗ ಚೆಂದವಾಗಿಯೇ ಕಂಡ ಪದಕ ವಾರ ಕಳೆದು, ಕೊರಳಲ್ಲಿದ್ದಾಗಲೇ ಸೀಳಬಹುದು. ಕಿಟಕಿ ಗಾಜಿನಂಥದಾದರೆ 540-550 ಡಿಗ್ರಿಯ ಸುಮಾರಿಗೆ ಕೆಲಕಾಲ ನಿಲ್ಲಿಸಿ, ಅಲ್ಲಿಂದ ಮೆಲ್ಲಗೆ ಇಳಿಸಬೇಕು. ದಪ್ಪ ಎರಡರಷ್ಟಾದರೆ ಇಳಿಸುವ ವೇಗವನ್ನು ನಾಲ್ಕನೇ ಒಂದಕ್ಕೆ ತಗ್ಗಿಸಬೇಕು. ಸ್ವಿಚ್ ಆರಿಸಿದ ಮೇಲೂ ಕುಲುಮೆಯ ಬಾಗಿಲನ್ನು ಮರುದಿನದವರೆಗೆ ಮುಟ್ಟದಿರುವುದೇ ಲೇಸು. ಎಳೆಯರಿಗೆ ಇದೇ ಕಡುಕಷ್ಟದ ಭಾಗ. ಒಳಗೆ ಎಳೆತ ಉಳಿದಿದೆಯೇ ಎಂದು ನೋಡಲು ಭೌತವಿಜ್ಞಾನದ ಪ್ರಯೋಗಾಲಯದಲ್ಲಿರುವ ಎರಡು ಪೋಲರಾಯ್ಡ್ ಹಾಳೆ ಸಾಕು. ಒಂದಕ್ಕೊಂದು ಅಡ್ಡ ಹಿಡಿದು ನಡುವೆ ಗಾಜಿಟ್ಟರೆ, ಎಳೆತವಿರುವ ಕಡೆ ಬೆಳಕು ಹಾಯುತ್ತದೆ.

ಬಾಟಲಿಯ ಚೂರು, ಕಿಟಕಿಯ ಚೂರು ಬೆರೆಸುವ ಆಸೆ ಬೇಡ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದಿದ್ದರೆ ಎಷ್ಟು ನಿಧಾನವಾಗಿ ಆರಿಸಿದರೂ ಕೂಡಿದ ಜಾಗ ಬಿರುಕು ಬಿಡುತ್ತದೆ.

ಹೆತ್ತವರು ಹೆಚ್ಚು ಹೆದರುವುದು ಬೆಂಕಿಗೆ. ಆದರೆ ಕಣ್ಣಿಗೆ ಬೀಳದ ಅಪಾಯ ಸಿಲಿಕಾ ಪುಡಿಯದು. ಆ ದೂಳು ವರ್ಷಗಟ್ಟಲೆ ಒಳಹೊಕ್ಕರೆ ಶ್ವಾಸಕೋಶ ಗಡುಸಾಗುವ ಸಿಲಿಕೋಸಿಸ್ ರೋಗ ಬರುತ್ತದೆ, ಅದಕ್ಕೆ ವಾಸಿಯಿಲ್ಲ. ಪುಡಿ ಕಲಸುವುದು, ಸುಟ್ಟ ಅಚ್ಚು ಒಡೆಯುವುದು ಹಿರಿಯರ ಪಾಲಿಗಿರಲಿ; ಕರವಸ್ತ್ರ ಸಾಲದು, ದೂಳು ತಡೆಯುವ ಸರಿಯಾದ ಮುಖಗವಸು ಬೇಕು. ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕುಲುಮೆಗೆ ಪ್ರತ್ಯೇಕ ತಂತಿ, ಅರ್ತಿಂಗ್ ಇರಲೇಬೇಕು.

ಮೊದಲ ಕೆಲವು ಪದಕಗಳು ಸೀಳಿಯೇ ಸೀಳುತ್ತವೆ. ಆ ಚೂರುಗಳನ್ನು ಎಸೆಯಬೇಕಿಲ್ಲ. ಅಂಟಿದ ಪ್ಲಾಸ್ಟರ್ ತೊಳೆದು, ಒಣಗಿಸಿ, ತೂಗಿ ಹೊಸ ಅಚ್ಚಿಗೆ ಹಾಕಿದರಾಯಿತು.